ಗಾಳಿಗಿ ಬೆನ್ನು ಕೊಟ್ಟ ಅಂಗಡಿ

ದಿನಾ ಮುಂಜಾನಿ ಇನ್ನೂರಾ ಹನ್ನೆರಡು ಚಷ್ಮಾ ಒರಸ್ತಿದ್ದೆ.
ಹಳೇ ಮಲಮಲ್ ಬಟ್ಟಿ, ಬಾಯಿಂದ ಒಂದೊಂದು ಹಾ.
ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಓಣ್ಯಾಗ
ಕಣ್ಣಿನ ಅಂಗಡಿ ಅಂತಾರ ಮಂದಿ,
ನಾ ಕಣ್ಣೇ ಮಾರಿದಂಗ.

ಕೆಳಗಿನ ಸಾಲಿಗಿ ಸಿಮೆಂಟ್ ಲಾರಿಯ ಬೂದಿ ಧೂಳು.
ನಡುವಿನ ಸಾಲಿಗಿ ಟಂಟಂ ಹೊಗಿ, ಬಟ್ಟಿಗಿ ಜಿಗಿ ಹಿಡೀತದ.
ಮ್ಯಾಲಿನ ಸಾಲಿಗಿ ಸುಗ್ಗ್ಯಾಗ ಮಾತ್ರ
ದಾಲ್ ಮಿಲ್ ಕಡಿಂದ ತೊಗರಿ ಹೊಟ್ಟಿನ ಪುಡಿ, ಅರಿಷಿಣದಂಥಾದ್ದು.
ಇಪ್ಪತ್ತಾರು ವರ್ಷ ಒರಸಿದಂವಗ
ಕಣ್ಣು ಮುಚ್ಚಿದರೂ ಬೆರಳಿಗಿ ಗೊತ್ತಾಗ್ತದ.

ಮೊದಲ ಈ ಓಣಿ ಗಿಡ್ಡ ಇತ್ತು.
ಶಹಾಬಾದ್ ಫರಸಿಯ ಮಾಳಗಿ, ಮ್ಯಾಲ ಮೆಣಸಿನಕಾಯಿ.
ಗಾಳಿ ಬರ್ತಿತ್ತು, ಹೋಗ್ತಿತ್ತು,
ಉದ್ರಿ ಕೇಳದ ಗಿರಾಕಿ ಹಂಗ.
ಆಮ್ಯಾಲ ಎರಡೂ ಕಡಿ ಐದೈದು ಅಂತಸ್ತು ಎದ್ದವು.
ಗಾಳಿ ನಿಂತಿತು ಅಂದೆವು.
ಧೂಳು ನಿಲ್ಲಲಿಲ್ಲ, ಕೂತಿತು.

ಎದುರಿಗಿ ಗೌಸಿಯಾ ಬೇಗಂದು ಫಾಲ್-ಪಿಕೋ ಅಂಗಡಿ.
ಮಿರಗದ ಗಾಳಿ ಸುರು ಆತಂದ್ರ ನಾನು:
"ನಿನ್ನ ಕಸಬರಗಿ ಮಾರಿ ನನ್ನ ಕಡೀನೇ ಯಾಕ?"
ದೀಪಾವಳಿ ದಾಟಿದರ ಅಕಿ:
"ಭೀಮಶಾ, ನಿನ್ನ ಹೊಲಸು ನನ್ನ ಬಿಳಿ ಸೀರಿಗೇ ಬೇಕಾ?"
ಹದಿನಾಲ್ಕು ವರ್ಷ, ಪಾಳಿ ಹಚ್ಚಿಕೊಂಡು.
ನಡುವ ಇಬ್ಬರ ಮಕ್ಕಳ ಲಗ್ನ,
ಕಾರ್ಡು ಕೊಟ್ಟೆವು, ಕೂತು ಉಂಡೆವು,
ಮರುದಿನ ಮತ್ತ ಕಸಬರಗಿ.

ಹೋದ ಆಷಾಢದಾಗ
ಇಂಜಿನಿಯರಿಂಗ್ ಕಾಲೇಜಿನಿಂದ ಸುಜ್ಞಾನಿ ಅಂತ ಹುಡುಗಿ ಬಂದಳು,
ಕೈಯಾಗ ಬರೇ ಒಂದು ಊದಿನಕಡ್ಡಿ.
ಛತ್ತಿನ ಮ್ಯಾಲ ಯಾರದೋ ಬಾವುಟ
ಪಡುವಣದಿಂದ ಮೂಡಲಕ್ಕ ಪಟಪಟ.
ಅಂದ್ರ ಗಾಳಿ ನನ್ನ ಬೆನ್ನಿಗಿ. ನಾ ಸುಖಿ.
ಓಣಿ ನಡುವ ನಿಂತು ಕಡ್ಡಿ ಹಚ್ಚಿದಳು.
ಹೊಗಿ ಗೌಸಿಯಾ ಕಡಿ ಹೋಗಬೇಕಿತ್ತಲ್ಲ?
ನೆಟ್ಟಗ ನನ್ನ ಕಡಿ ಬಂತು,
ಕಪಾಟಿನ ಗಾಜು ಸವರಿ, ಗ್ವಾಡಿ ಹತ್ತಿ,
ಮ್ಯಾಲ ಹೋಗಿ ಕಾಣದಂಗಾತು.

"ಕಾಕಾ, ಗಾಳಿ ನಿಮ್ಮ ನೆತ್ತಿ ದಾಟಿ ಎದುರು ಗ್ವಾಡಿಗಿ ಬಡೀತದ,
ಅಲ್ಲಿಂದ ಕೆಳಗ ಜಾರಿ, ನೆಲ ಹಿಡಿದು
ತಿರುಗಿ ನಿಮ್ಮ ಕಡೀನೇ ಬರ್ತದ.
ಈ ಓಣಿ ಈಗ ಬಾವಿ ಗಡಗಡಿ:
ಹಗ್ಗ ಅತ್ಲಾಗ ಇಳೀತದ, ಇತ್ಲಾಗ ಏರ್ತದ.
ಚಳಿಗಾಲಕ್ಕ ಗಾಳಿ ತಿರುಗಿತಂದ್ರ ಅತ್ಲಾಗ ಏರ್ತದ."

ಗಾಳಿಗಿ ಬೆನ್ನು ಕೊಟ್ಟವನ ಮಾರಿಗೇ ಹೊಗಿ.

ಗೌಸಿಯಾ ಮಷೀನ್ ನಿಲ್ಲಿಸಿ ಕೇಳ್ತಿದ್ದಳು.
ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.
ಬೈದು ಬೈದು ರೂಢಿಯಾದ ಬಾಯಿ,
ಹಲ್ಲು ಕಿತ್ತ ಜಾಗದಂಗ, ನಾಲಿಗಿ ಅಲ್ಲೇ ಹೋಗ್ತಿತ್ತು.

ಹೋಗುವಾಗ ಹುಡುಗಿ ಒಂದು ಚಷ್ಮಾ ತೋರಿಸಿದಳು,
ಹನ್ನೊಂದು ವರ್ಷದಿಂದ ಯಾರೂ ಕೊಳ್ಳದ ದಪ್ಪ ಫ್ರೇಮು.
"ಇದನ್ನ ನಲವತ್ತು ದಿನ ಮುಟ್ಟಬ್ಯಾಡ್ರಿ."
ದಿನಾ ಕೈ ಅಲ್ಲಿತನಕ ಹೋಗಿ ಹಿಂದ ಬರ್ತಿತ್ತು,
ಅಳೋ ಕೂಸಿನ ಮೂಗು ಒರಸದೇ ಬಿಟ್ಟಂಗ.
ನಲವತ್ತನೇ ದಿನ ಡಬ್ಬಿಯೊಳಗ, ಉಸಿರು ಬಿಗಿಹಿಡಿದು, ಇಟ್ಟುಕೊಂಡಳು.
"ಬಿಲ್ ಬರೀರಿ ಕಾಕಾ, ಕಾಲೇಜಿಗಿ ಕೊಡಬೇಕು."
ಏನಂತ ಬರೀಲಿ?
ಚಷ್ಮಾ ಒಂದು. ಧೂಳು ಸಮೇತ. ನೂರಾ ಐವತ್ತು.

ಅದು ಇದ್ದ ಜಾಗದಾಗ
ಎರಡು ಸ್ವಚ್ಛ ಗೋಲು ನನ್ನನ್ನೇ ನೋಡ್ತಿದ್ದವು.
ಅವನ್ನ ಅವತ್ತು ಒರಸಲಿಲ್ಲ.
ಮೂರನೇ ದಿನಕ್ಕ ತಾವೇ ಮುಚ್ಚಿಕೊಂಡವು.

ದೀಪಾವಳಿ ಆಗಿ ವಾರಕ್ಕ ಬಾವುಟ ಹೊಳ್ಳಿತು.
"ಭೀಮಶಾ, ಇವತ್ತಿಂದ ನನ್ನ ಪಾಳಿ!"
ಓಣಿ ದಾಟಿ ಒಂದು ಮಲಮಲ್ ತುಂಡು ಕೊಟ್ಟು ಬಂದೆ.
ಹಳೇದೇ.
ನಾಲ್ಕು ದಿನಕ್ಕ ಹುಡುಗನ ಕೈಲಿ ತಿರುಗಿ ಕಳಿಸಿದಳು.
ನಾಲ್ಕೂ ಅಂಚಿಗಿ ಪಿಕೋ ಹೊಡೆದಿದ್ದಳು.
ಒಗೆದಿರಲಿಲ್ಲ.